ಕುಡಿ ಚಿವುಟಬಾರದ ತಿಂಗಳುಗಳು

ಆ ಕಡೆಯ ಫೋನು ಸ್ಪೀಕರಿನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಮಾತು ಆಡುತ್ತಿದ್ದೆ ಎಂದೇನೂ ಹೇಳಲಾರೆ. ನನ್ನ ಬಾಯಿಗೆ ಮೊದಲಿನಿಂದಲೂ ಬೀಗ ಇಲ್ಲ. ಅವತ್ತು ಶನಿವಾರ. ಕಾಲೇಜಿನಲ್ಲಿ ಅರ್ಧ ದಿನದ ಪಾಠ ಮುಗಿಸಿ ಬಂದು, ಶಿವಮೊಗ್ಗದ ವಿದ್ಯಾನಗರದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಹಳೇ ಪೇಪರು ಹಾಸಿಕೊಂಡು ಕೂತಿದ್ದೆ. ಎದುರಿಗೆ ರಬ್ಬರ್ ಗಿಡ, ಪಕ್ಕದಲ್ಲಿ ಡೆಟಾಲಿನಲ್ಲಿ ಅದ್ದಿದ ಕತ್ತರಿ. ಹೆಂಡತಿ ಭದ್ರಾವತಿಯ ತವರಿನಲ್ಲಿ ಮಲಗಿದ್ದಳು. ಅವಳಿಗೆ ಆಗ ನಾಲ್ಕನೇ ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತದ್ದು ನಿಂತ ಹಾಗೇ ಹೋಗಿತ್ತು. ಹಾಗಾಗಿ ಈ ಸಲ ಡಾಕ್ಟರು ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಪೂರ್ತಿ ಹಾಸಿಗೆಯಲ್ಲೇ ಇರಬೇಕು ಎಂದಿದ್ದರು. ನಮ್ಮದು ಮಹಡಿಯ ಮೇಲಿನ ಮನೆ. ಭದ್ರಾವತಿಯಲ್ಲಿ ಮೆಟ್ಟಿಲಿಲ್ಲ, ನೋಡಿಕೊಳ್ಳಲು ಅವಳ ಅಮ್ಮ ಇದ್ದಾರೆ.

"ಏನ್ ಮಾಡ್ತಿದೀರಿ?" ಎಂದಳು.

ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, "ಏನಿಲ್ಲ ಮಾರಾಯ್ತಿ, ಕುಡಿ ಚಿವುಟೋಣ ಅಂತ ಕೂತಿದೀನಿ" ಎಂದೆ.

ಆ ಕಡೆ ಯಾರೋ ಸ್ಟೀಲಿನ ಲೋಟವನ್ನು ಠಣ್ ಎಂದು ಕೆಳಗಿಟ್ಟರು. ಆಮೇಲೆ ಅತ್ತೆಯ ದನಿ ಕೇಳಿಸಿತು.

"ಶಿವ ಶಿವಾ! ಅಳಿಯಂದ್ರೇ, ಬಿಡ್ತು ಅನ್ನಿ! ಮೊದ್ಲು ಬಿಡ್ತು ಅನ್ನಿ!"

"ಬಿಡ್ತು" ಎಂದೆ. ಇಷ್ಟಕ್ಕೂ ನಾನು ಹೇಳಿದ್ದೇನು ಎಂದು ಹೊಳೆದದ್ದು ಆಮೇಲೆ.

ಗಿಡ ಸಾಕುವವರ ಮಾತಿನಲ್ಲಿ ಕುಡಿ ಎಂದರೆ ಕೊಂಬೆಯ ತುದಿಯ ಎಳೆ ಚಿಗುರು. ಅದನ್ನು ಉಗುರಿನಿಂದಲೋ ಕತ್ತರಿಯಿಂದಲೋ ತೆಗೆಯದಿದ್ದರೆ ಮನೆಯೊಳಗಿನ ಗಿಡ ಬಡಕಲಾಗಿ ಸೂರಿನ ಕಡೆಗೆ ಓಡುತ್ತದೆ. ಅತ್ತೆಯ ಮಾತಿನಲ್ಲಿ ಕುಡಿ ಎಂದರೆ ಮಗು. ಮದುವೆಯಾದ ಹೊಸದರಿಂದಲೂ ಅವರು ದೇವರ ಮುಂದೆ ಕೈಮುಗಿದು ಕೇಳುತ್ತಿದ್ದದ್ದು "ಒಂದು ಕುಡಿ ಕೊಡಪ್ಪಾ" ಎಂದೇ. ಎರಡೂ ಒಂದೇ ಪದ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ನನ್ನದೂ ಕನ್ನಡವೇ ತಾನೆ. ಆದರೆ ವಾರ ವಾರ ಕತ್ತರಿ ಹಿಡಿಯುವವನಿಗೆ ಆ ಪದ ಎಂದೋ ಸವೆದು ಹೋಗಿರುತ್ತದೆ. ಮಗಳ ಹೊಟ್ಟೆಯನ್ನೇ ನೋಡುತ್ತ ಕೂತ ತಾಯಿಗೆ ಅದು ಹಾಗೆ ಕೇಳಿಸುವುದಿಲ್ಲ.

ಅಂದಿನಿಂದ ನನಗೆ ಕಟ್ಟುಪಾಡು ಶುರುವಾಯಿತು. ಬಸುರಿ ಹೆಂಡತಿಯಿರುವ ಗಂಡಸು ಗಿಡ ಕಡಿಯಬಾರದು, ಕುಡಿ ಚಿವುಟಬಾರದು, ಬೇರು ಕದಲಿಸಬಾರದು, ಇಡೀ ಕುಂಬಳಕಾಯಿಗೆ ಕತ್ತಿ ಹಾಕಬಾರದು. ತಲೆಕೂದಲು ಕೂಡ ತೆಗೆಸಬಾರದು. ಅತ್ತೆ ಇದನ್ನೆಲ್ಲ ಗದರಿಸಿ ಹೇಳಲಿಲ್ಲ. ಒಂದೊಂದಾಗಿ, ಬಹಳ ಮರ್ಯಾದೆಯಿಂದ, ಅಳಿಯಂದ್ರೇ ಅಳಿಯಂದ್ರೇ ಎನ್ನುತ್ತಲೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ನಾನು ಕಾಮರ್ಸ್ ಮೇಷ್ಟ್ರು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗಿಡದ ತುದಿಗೂ ಮನುಷ್ಯರ ಗರ್ಭಕ್ಕೂ ಸಂಬಂಧ ಕಟ್ಟುವುದನ್ನು ಕೇಳಿಕೊಂಡು ಸುಮ್ಮನಿರುವ ಜಾತಿ ನಾವಲ್ಲ ಎಂದುಕೊಂಡಿದ್ದೆ.

ಮರುದಿನವೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಮಂಚದ ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಅವಳು ತಲೆ ತಗ್ಗಿನಲ್ಲಿ, ಕಾಲು ಎತ್ತರದಲ್ಲಿ ಮಲಗಿದ್ದಳು. ಅತ್ತೆ ಅಡುಗೆಮನೆಗೆ ಹೋಗುವುದನ್ನೇ ಕಾದು, "ಏನಿದು ನಿಮ್ಮಮ್ಮನ ಅವತಾರ? ನೀನಾದ್ರೂ ಹೇಳಬಾರದಾ?" ಎಂದೆ.

ಅವಳು ಸೂರು ನೋಡುತ್ತಲೇ ಹೇಳಿದಳು. "ನಂಗೂ ನಂಬಿಕೆ ಇಲ್ಲ ರೀ."

"ಮತ್ತೆ?"

"ಹೋದ ಎರಡು ಸಲ ಯಾಕೆ ಹಾಗಾಯ್ತು ಅಂತ ಯಾರೂ ಹೇಳ್ಲಿಲ್ಲ. ಏನು ಮಾಡಬೇಕಿತ್ತು, ಏನು ಮಾಡಬಾರದಿತ್ತು, ಒಂದೂ ಗೊತ್ತಿಲ್ಲ. ಈ ಸಲ ಹಿಡ್ಕೊಳ್ಳೋಕೆ ಏನಾದ್ರೂ ಒಂದು ಬೇಕು ನಂಗೆ. ನಾನು ಮಲಗಿರ್ತೀನಿ. ನೀವು ಏನೂ ಕತ್ತರಿಸ್ಬೇಡಿ. ಅಷ್ಟೇ. ಒಂದೇ ಒಂದು ಕೇಳ್ತಿದೀನಿ."

ಜಗಳ ಬಾಯಿಯಲ್ಲೇ ಉಳಿಯಿತು. ಆಯಿತು ಎಂದೆ. ಅವಳ ಕೈ ಮುಟ್ಟಿ ಹೇಳಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನಿಂತುಕೊಂಡು ಯೋಚಿಸಿದರೆ, ಅವಳು ನನಗೊಂದು ಕೆಲಸ ಕೊಟ್ಟಿದ್ದಾಳೆ, ಆ ಕೆಲಸ ಏನೂ ಮಾಡದೇ ಇರುವುದು ಎಂದು ಅನಿಸಿತು. ಡಾಕ್ಟರು ಅವಳಿಗೂ ಅದನ್ನೇ ಹೇಳಿದ್ದರು. ಗಂಡ ಹೆಂಡತಿ ಇಬ್ಬರೂ ಎರಡು ಊರಲ್ಲಿ ಏನೂ ಮಾಡದೇ ಇರುವುದನ್ನು ಶ್ರದ್ಧೆಯಿಂದ ಮಾಡತೊಡಗಿದೆವು.

ಹೊರಗಿನ ಮರಗಿಡಗಳ ಮಾತು ಬೇರೆ. ನೆಲದಲ್ಲಿರುವ ಗಿಡಕ್ಕೆ ಯಾರೂ ಏನೂ ಮಾಡದಿದ್ದರೂ ನಡೆಯುತ್ತದೆ. ಬೇರಿಗೆ ಜಾಗ ಸಾಲದಿದ್ದರೆ ಇನ್ನಷ್ಟು ದೂರ ಹೋಗುತ್ತದೆ. ಕುಂಡದ ಗಿಡ ಹಾಗಲ್ಲ. ಅದನ್ನು ಮನೆಯೊಳಗೆ ತಂದವರೇ ಅದಕ್ಕೆ ನೆಲ, ಮಳೆ, ಗಾಳಿ ಎಲ್ಲ ಆಗಬೇಕು. ನಮ್ಮ ಮನೆಯಲ್ಲಿ ಮೊದಲು ಎಲ್ಲರ ಮನೆಯ ಹಾಗೆ ಉಪ್ಪಿನಕಾಯಿ ಬಾಟಲಿಯಲ್ಲಿ ಒಂದು ಮನಿ ಪ್ಲಾಂಟು ಇತ್ತು. ತಾರಸಿಯ ಮೇಲೆ ಕುಂಡ ಇಟ್ಟರೆ ನೀರು ಇಳಿಯುತ್ತದೆ ಎಂದು ಕೆಳಗಿನ ಓನರಮ್ಮ ತಕರಾರು ತೆಗೆದದ್ದರಿಂದ, ಆಮೇಲೆ ಬಂದ ಗಿಡಗಳೆಲ್ಲ ಒಳಗೇ ಸೇರಿಕೊಂಡವು. ಹಾಲಿನ ಮೂಲೆಗೆ ರಬ್ಬರ್ ಗಿಡ, ಕಿಟಕಿಗೆ ಸ್ಪೈಡರ್ ಪ್ಲಾಂಟು, ಫ್ರಿಜ್ಜಿನ ಮೇಲೆ ದಪ್ಪ ಎಲೆಯ ಜೇಡ್ ಗಿಡ, ಬಚ್ಚಲ ಬಾಗಿಲ ಹತ್ತಿರ ಪೀಸ್ ಲಿಲಿ. ಅವುಗಳನ್ನು ನೋಡಿಕೊಳ್ಳುವುದು ನನ್ನ ಶನಿವಾರದ ಕೆಲಸ. ಬಾಡಿದ ಎಲೆ ತೆಗೆಯಬೇಕು. ಉದ್ದಕ್ಕೆ ಹೋದ ಬಳ್ಳಿಯನ್ನು ಗೆಣ್ಣಿನ ಮೇಲಕ್ಕೆ ಓರೆಯಾಗಿ ಕತ್ತರಿಸಬೇಕು. ವರ್ಷಕ್ಕೊಮ್ಮೆ ಗಿಡವನ್ನು ಮಣ್ಣಿನ ಸಮೇತ ಹೊರಗೆಳೆದು, ಸುತ್ತಿ ಸುತ್ತಿ ಗಂಟಾದ ಬೇರನ್ನು ಬೆರಳಿನಿಂದ ಬಿಡಿಸಿ, ಕೊಳೆತದ್ದನ್ನು ಕತ್ತರಿಸಿ, ಒಂದೇ ಒಂದು ಅಳತೆ ದೊಡ್ಡ ಕುಂಡಕ್ಕೆ ಹಾಕಬೇಕು. ಆಯನೂರಿನ ಕಡೆಯಿಂದ ಸಹೋದ್ಯೋಗಿಯೊಬ್ಬರು ಚೀಲದಲ್ಲಿ ತಂದುಕೊಟ್ಟ ಕೆಮ್ಮಣ್ಣು, ಹಳೇ ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ, ಒಂದಿಷ್ಟು ಮರಳು, ಎಲ್ಲ ಬೆರೆಸಿ ಇಟ್ಟಾಗಿತ್ತು. ಆ ವರ್ಷ ಆಸ್ಪತ್ರೆಯ ಓಡಾಟದಲ್ಲಿ ಯಾವ ಗಿಡಕ್ಕೂ ಕೈ ಹಾಕಿರಲಿಲ್ಲ. ಕೈ ಹಾಕಲು ಕೂತ ಮೊದಲ ಶನಿವಾರವೇ ಆ ಫೋನು ಬಂದದ್ದು.

ಮೊದಮೊದಲು ನಾನು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡೆ. ಕೂದಲು ಕುತ್ತಿಗೆ ಮುಟ್ಟಿತು, ಗಡ್ಡ ಬಂತು. ಸ್ಟಾಫ್ ರೂಮಿನಲ್ಲಿ "ಏನ್ ಸಾರ್, ಅಯ್ಯಪ್ಪ ಮಾಲೆನಾ?" ಎಂದು ಕೇಳಿದರು. "ಹೂಂ, ಒಂಬತ್ತು ತಿಂಗಳ ವ್ರತ" ಎಂದೆ. ಜೇಡ್ ಗಿಡಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದಾಗ, ಬೇಕೆಂದೇ ಅತ್ತೆಗೆ ಫೋನು ಮಾಡಿದೆ.

"ಹುಳ ಒರೆಸಬಹುದಾ?"

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಒರೆಸಿ. ಸಾಯಿಸ್ಬೇಡಿ."

"ಒರೆಸಿದ ಮೇಲೆ ಅದನ್ನ ಎಲ್ಲಿ ಬಿಡ್ಲಿ? ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ಲಾ?"

"ನಗಬೇಡಿ ಅಳಿಯಂದ್ರೇ" ಎಂದರು. ಆದರೆ ಅವರೇ ನಕ್ಕರು. ಹಿಂದಿನಿಂದ ಅವಳು ನಕ್ಕದ್ದೂ ಕೇಳಿಸಿತು. ಆ ನಗುವಿಗಾಗಿ ನಾನು ಇಂಥ ಪ್ರಶ್ನೆಗಳನ್ನು ಹುಡುಕಿ ಹುಡುಕಿ ಕೇಳುತ್ತಿದ್ದೆ. ಹಳದಿಯಾದ ಎಲೆ ಕೀಳಬಹುದಾ? ಕೀಳಬಾರದು, ತಾನಾಗಿ ಬಿದ್ದದ್ದನ್ನು ಎತ್ತಬಹುದು. ಕುಂಡವನ್ನು ಜಾಗ ಬದಲಾಯಿಸಬಹುದಾ? ಎತ್ತಿ ಇಡಬಹುದು, ಎಳೆಯಬಾರದು. ಈ ಉತ್ತರಗಳನ್ನೆಲ್ಲ ಅವರು ಎಲ್ಲಿಂದ ತರುತ್ತಿದ್ದರೋ ದೇವರಿಗೇ ಗೊತ್ತು. ಆದರೆ ಒಂದಕ್ಕೂ ಗೊತ್ತಿಲ್ಲ ಎನ್ನಲಿಲ್ಲ. ಡಾಕ್ಟರಿಗೆ ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದರು. ನಮಗೆ ಯಾರ ಮಾತು ಹಿತವಾಗಿ ಕೇಳುತ್ತಿತ್ತು ಎಂದು ಹೇಳಬೇಕಾಗಿಲ್ಲ.

ಐದನೇ ತಿಂಗಳಿಗೆ ಬರುವಷ್ಟರಲ್ಲಿ ತಮಾಷೆ ಮುಗಿದಿತ್ತು. ಮೊದಲೇ ಎತ್ತರಕ್ಕೆ ಹೋಗಿದ್ದ ರಬ್ಬರ್ ಗಿಡ ಒಂದೇ ಕಾಂಡದಲ್ಲಿ ಎದ್ದು ಸೂರು ಮುಟ್ಟುವಷ್ಟಾಗಿ, ಕಿಟಕಿಯ ಬೆಳಕಿಗೆ ಸೊಟ್ಟಗೆ ವಾಲಿತು. ಸ್ಪೈಡರ್ ಪ್ಲಾಂಟಿನ ಬೇರು ಕುಂಡದೊಳಗೆ ಉಬ್ಬಿ, ಮಣ್ಣನ್ನೇ ಅಂಚಿನಿಂದ ಮೇಲಕ್ಕೆ ನೂಕಿತು. ಮನಿ ಪ್ಲಾಂಟು ಬುಡದಲ್ಲಿ ಎಲೆಯೆಲ್ಲ ಉದುರಿಸಿಕೊಂಡು ತುದಿಯಲ್ಲಿ ಮಾತ್ರ ನಾಲ್ಕು ಎಲೆ ಹಿಡಿದು ಟೀವಿಯ ಹಿಂದೆ ಹರಿಯಿತು. ನಾನು ದಿನಾ ಕಾಲೇಜಿನಿಂದ ಬಂದು, ನೀರು ಹಾಕಿ, ಎಲೆಯ ಧೂಳು ಒರೆಸಿ, ಕೈ ಹಿಂದೆ ಕಟ್ಟಿಕೊಂಡು ಅವುಗಳ ಎದುರು ನಿಲ್ಲುತ್ತಿದ್ದೆ. ನನಗೆ ಏನೂ ಗೊತ್ತಿಲ್ಲದಿದ್ದರೆ ಚಿಂತೆಯಿರಲಿಲ್ಲ. ಯಾವುದಕ್ಕೆ ಎಲ್ಲಿ ಕತ್ತರಿ ಹಾಕಬೇಕು ಎಂದು ಚೆನ್ನಾಗಿ ಗೊತ್ತಿದ್ದೂ ನಿಂತು ನೋಡುವುದಿದೆಯಲ್ಲ, ಅದರಷ್ಟು ಕೆಟ್ಟ ಸಂಕಟ ಇನ್ನೊಂದಿಲ್ಲ.

ಎಲ್ಲಕ್ಕಿಂತ ಕಷ್ಟಕ್ಕೆ ಬಂದದ್ದು ಪೀಸ್ ಲಿಲಿ. ಅದನ್ನು ನಾನು ಕುಂಡದಲ್ಲಿ ಇಟ್ಟಿರಲಿಲ್ಲ. ಕುಂಬಾರರ ಅಂಗಡಿಯಲ್ಲಿ ಚೆಂದ ಕಂಡಿತೆಂದು ತಂದಿದ್ದ ಒಂದು ಮಡಕೆಯಲ್ಲಿ ಇಟ್ಟಿದ್ದೆ. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಮಡಕೆಯ ತುಂಬ ಈಗ ಬೇರೇ ಬೇರು. ಹಾಕಿದ ನೀರು ನಿಲ್ಲದೆ ಬುಡದ ತೂತಿನಿಂದ ಅದೇ ಗಳಿಗೆಯಲ್ಲಿ ಹೊರಗೆ ಬರುತ್ತಿತ್ತು. ಬೆಳಿಗ್ಗೆ ನೀರು ಕುಡಿದು ಎದ್ದು ನಿಂತ ಎಲೆಗಳು ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಮಡಕೆಯ ಸುತ್ತ ಜೋತು ಬಿದ್ದಿರುತ್ತಿದ್ದವು. ಬೇರು ಕತ್ತರಿಸಲೇಬೇಕೆಂದಿಲ್ಲ, ಬೇರು ಕದಲದ ಹಾಗೆ ಮಣ್ಣು ಸಮೇತ ಇಡೀ ಗಡ್ಡೆಯನ್ನು ಎತ್ತಿ ದೊಡ್ಡ ಕುಂಡಕ್ಕೆ ಇಳಿಸಿದರೂ ಬದುಕುತ್ತದೆ, ಅದಕ್ಕೆ ಅತ್ತೆಯ ಕಾಯಿದೆಯಲ್ಲಿ ಅಡ್ಡಿಯಿರಲಾರದು ಎಂದು ಲೆಕ್ಕ ಹಾಕಿದೆ. ಆದರೆ ಆ ಬಾಯಿಯಿಂದ ಆ ಗಡ್ಡೆ ಹೊರಗೆ ಬರುವಂತಿರಲಿಲ್ಲ. ಒಂದೋ ಬೇರು ಕೊಯ್ಯಬೇಕು, ಇಲ್ಲವೇ ಮಡಕೆ ಒಡೆಯಬೇಕು.

ಮಡಕೆ ಒಡೆಯಲೇ ಎಂದು ಆ ಮನೆಗೆ ಫೋನು ಮಾಡಿ ಕೇಳುವಷ್ಟು ನಾನು ಕೆಟ್ಟವನಲ್ಲ. ಹೆಣದ ಮುಂದೆ ಮಡಕೆ ಒಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸುತ್ತಿಗೆ ಕೈಗೆ ತೆಗೆದುಕೊಂಡು ಹೋಗಿ ಅದರ ಮುಂದೆ ಕೂತೆ. ಯಾರೂ ನೋಡುತ್ತಿರಲಿಲ್ಲ. ನಂಬಿಕೆಯೂ ಇರಲಿಲ್ಲ. ಆದರೂ ಕೈ ಏಳಲಿಲ್ಲ. ಎದ್ದು ಹೋಗಿ ಸುತ್ತಿಗೆಯನ್ನು ಅಟ್ಟದ ಮೇಲೆ ಇಟ್ಟೆ. ದಿನಕ್ಕೆರಡು ಸಲ ಮಡಕೆಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಇಡತೊಡಗಿದೆ. ಅದರಿಂದ ಎಲೆ ಎದ್ದು ನಿಲ್ಲುತ್ತಿತ್ತು, ಬೇರು ಕೊಳೆಯುತ್ತಿತ್ತು.

ವಾರಕ್ಕೊಮ್ಮೆ ಭದ್ರಾವತಿಗೆ ಹೋದಾಗ ಅವಳು ಒಂದೊಂದು ಗಿಡವನ್ನೂ ವಿಚಾರಿಸುತ್ತಿದ್ದಳು. ಊರಿನ ನೆಂಟರ ಸುದ್ದಿ ಕೇಳುವ ಹಾಗೆ. ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. "ಲಿಲಿ ಹೂ ಬಿಟ್ಟಿದೆಯಾ?" ಎಂದರೆ, "ಬಿಡುತ್ತೆ" ಎನ್ನುತ್ತಿದ್ದೆ. ಅವಳ ಹೊಟ್ಟೆಯ ಮೇಲೆ ಕೈ ಇಡುತ್ತಿದ್ದೆ. ಆ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಒಳಗಿನಿಂದ ಮೆಲ್ಲಗೆ ಒಂದು ಒದೆ ಬಂತು. ಕೈ ತೆಗೆಯದೆ ಕಾದೆ. ಇನ್ನೊಂದು ಬಂತು. ಅವಳು ಮಲಗಿದಲ್ಲೇ, ಕಣ್ಣಂಚಿನಿಂದ ಕಿವಿಗೆ ನೀರು ಇಳಿಯುತ್ತಿರುವಂತೆಯೇ ನಕ್ಕಳು. ಹಿಂದಿನ ಎರಡು ಸಲವೂ ನಾವು ಇಲ್ಲಿಯವರೆಗೆ ಬಂದಿರಲಿಲ್ಲ. ಮನೆಗೆ ವಾಪಸು ಬಂದು, ಸೊಟ್ಟ ನಿಂತ ರಬ್ಬರ್ ಗಿಡವನ್ನು ನೋಡಿ, ಬೆಳಿ ಮಾರಾಯ, ಸೂರು ಒಡೆದುಕೊಂಡು ಬೇಕಾದರೂ ಬೆಳಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನಾನೂ ಅರ್ಧ ನಂಬಿಬಿಟ್ಟಿದ್ದೆ.

ಆರನೇ ತಿಂಗಳು ಹಿಡಿದ ಮೊದಲ ವಾರದಲ್ಲೇ, ಬೆಳಗಿನ ತಿಂಡಿಯ ಹೊತ್ತಿಗೆ, ಅತ್ತೆಯ ಫೋನು ಬಂತು. ಕಾರಿನಲ್ಲಿ ಅವಳನ್ನು ಶಿವಮೊಗ್ಗಕ್ಕೇ ಕರೆದುಕೊಂಡು ಬರುತ್ತಿದ್ದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಸೋಗಾನೆಯ ಏರ್‌ಪೋರ್ಟಿಗೆ ಇಳಿಯುವ ವಿಮಾನ ತಲೆಯ ಮೇಲೆ ಹೋಯಿತು, ಗೇಟಿನ ಹತ್ತಿರ ನಿಂತವರೆಲ್ಲ ತಲೆ ಎತ್ತಿ ನೋಡಿದರು. ಕಾರು ಬಂತು. ಮಧ್ಯಾಹ್ನದ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು. ಉಸಿರಾಡುವಷ್ಟು ಬೆಳೆದಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಹಿಡಿಸುವಷ್ಟಿದ್ದಳು. ಉಗುರುಗಳೆಲ್ಲ ಇದ್ದವು. ಅದನ್ನು ನಾನು ಏಕೆ ನೋಡಿದೆನೋ ಗೊತ್ತಿಲ್ಲ, ಈಗಲೂ ಅದೊಂದೇ ಕಣ್ಣಿಗೆ ಕಟ್ಟಿದ ಹಾಗಿದೆ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇದು ಯಾರೂ ಮಾಡಿದ್ದಲ್ಲ. ಹೊಲಿಗೆ ಇದ್ರೂ ಕೆಲವು ಸಲ ತಡೆಯಲ್ಲ. ನಿಮ್ಮ ಮನೆಯವರಿಗೆ ಇದನ್ನ ತಿಳಿಸಿ ಹೇಳಿ" ಎಂದರು. ಹೇಳಿದೆ. ಆಸ್ಪತ್ರೆಯಲ್ಲಿ ಹೇಳಿದೆ, ಭದ್ರಾವತಿಗೆ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಹೇಳಿದೆ, ಆ ಮನೆಯ ಹಾಲಿನಲ್ಲಿ ಕೂತವರಿಗೆಲ್ಲ ಹೇಳಿದೆ. ಆದರೆ ಯಾರ ತಪ್ಪೂ ಅಲ್ಲ ಎನ್ನುವ ಮಾತನ್ನು ನಮ್ಮ ಜನ ಕೇಳಿಸಿಕೊಳ್ಳುತ್ತಾರೆ, ಮನೆಗೆ ಒಯ್ಯುವುದಿಲ್ಲ. ಬಂದವರೆಲ್ಲ ಚಾಪೆಯ ಮೇಲೆ ಕೂತು, ಕಣ್ಣೊರೆಸಿಕೊಂಡು, ದನಿ ತಗ್ಗಿಸಿ ಕೇಳುತ್ತಿದ್ದದ್ದು ಒಂದೇ ಮಾತು: "ಏನಾದ್ರೂ ಎತ್ತಿದ್ಲಾ? ಬಗ್ಗಿದ್ಲಾ?"

ಅವಳು ಎತ್ತಿದ್ದಳು. ಅವಳೇ ಹೇಳಿದಳು. ಹಿಂದಿನ ವಾರ ಅತ್ತೆ ಹೂವಿನವಳ ಹತ್ತಿರ ಬಾಗಿಲಲ್ಲಿ ನಿಂತಿದ್ದಾಗ ಅವಳು ಬಚ್ಚಲಿಗೆ ಹೋಗಿದ್ದಳಂತೆ. ಬಾಗಿಲಿಗೆ ಅಡ್ಡ ಇದ್ದ ಅರ್ಧ ಬಕೆಟ್ ನೀರನ್ನು ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟಿದ್ದಳಂತೆ. ಅಷ್ಟೇ. ಅದನ್ನು ಅವಳು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಊಟದ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. "ಕೂಗಿದ್ರೆ ಅಮ್ಮ ಬರ್ತಿದ್ರು. ಒಂದು ಕೂಗು ಹಾಕ್ಲಿಲ್ಲ ನಾನು" ಎನ್ನುತ್ತಿದ್ದಳು. ನಾನು ಡಾಕ್ಟರ ಮಾತು ಹೇಳಿದರೆ, ಪಾಠ ಬಾರದ ಹುಡುಗನ ಉತ್ತರವನ್ನು ಟೀಚರು ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಂಡು, ಆಮೇಲೆ ಮತ್ತೆ ಬಕೆಟ್ಟಿಗೆ ಬರುತ್ತಿದ್ದಳು.

ಒಂದು ಸಂಜೆ ಹಾಲಿನಲ್ಲಿ ಮೂರ್ನಾಲ್ಕು ಜನ ಹೆಂಗಸರು ಕೂತಿದ್ದರು. ಅವಳು ಮಲಗಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು. ಎಲ್ಲ ಅವಳಿಗೆ ಕೇಳಿಸುತ್ತಿತ್ತು.

"ಬಕೆಟ್ ಎತ್ತಿದ್ಲಂತೆ ಪಾಪ" ಎಂದರು ಒಬ್ಬರು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಬಡ್ಕೊಂಡಿದ್ದೆ ನಾನು, ಕೂಗು, ಬರ್ತೀನಿ ಅಂತ. ಒಂದ್ನಿಮಿಷ ತಾಳ್ಮೆ ಇಲ್ಲ ಇವಳಿಗೆ. ಆರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದೆ, ಒಂದು ಬಕೆಟ್ಟಿಗೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರೂ ದುಃಖದಲ್ಲಿ ಆಡಿದ ಮಾತು ಅದು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಕೋಣೆಯೊಳಗೆ ಅವಳು ಬಾಯಿಗೆ ಬಟ್ಟೆ ತುರುಕಿಕೊಂಡದ್ದು ನಾನು ಕೂತ ಕಡೆಯಿಂದ ಕಾಣಿಸಿತು. ತಲೆ ಕೆಟ್ಟುಹೋಯಿತು.

ಎದ್ದು ನಿಂತೆ. "ಬಕೆಟ್ಟೂ ಇಲ್ಲ ಗಿಕೆಟ್ಟೂ ಇಲ್ಲ" ಎಂದೆ. "ನಾನು ಕುಡಿ ಚಿವುಟಿದ್ದೆ. ಐದನೇ ತಿಂಗಳಲ್ಲಿ. ರಬ್ಬರ್ ಗಿಡದ್ದು."

ಯೋಚಿಸಿ ಆಡಿದ ಸುಳ್ಳಲ್ಲ ಅದು. ಬಾಯಿಗೆ ಬಂದದ್ದು. ಆದರೆ ಆಡಿದ ಕೂಡಲೇ, ಇಷ್ಟು ದಿನ ಡಾಕ್ಟರ ಹೆಸರು ಹೇಳಿ ಮಾಡಲಾಗದ್ದನ್ನು ಅದು ಮಾಡಿತು ಎಂದು ಗೊತ್ತಾಯಿತು. ಎಲ್ಲರೂ ಆ ಕೋಣೆಯ ಬಾಗಿಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಅತ್ತೆಯ ಬಾಯಿ ತೆರೆದೇ ಇತ್ತು. "ಅಳಿಯಂದ್ರೇ..." ಎಂದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಅಂದಿನಿಂದ ಆ ಮನೆಯಲ್ಲಿ ಬಕೆಟ್ಟಿನ ಹೆಸರು ಯಾರೂ ಎತ್ತಲಿಲ್ಲ.

ನಾನು ಕೋಣೆಗೆ ಹೋದೆ. ಅವಳು ಎದ್ದು ಕೂತಿದ್ದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ನೋಡಿಯೇ ಇರದ ಸಿಟ್ಟು ಇತ್ತು.

"ಒಂದೇ ಒಂದು ಕೇಳಿದ್ದೆ ನಿಮ್ಮನ್ನ" ಎಂದಳು. "ಒಂದೇ ಒಂದು."

ಅಲ್ಲ, ನಾನು ಚಿವುಟಿಲ್ಲ, ನಿನ್ನ ಕೈ ಮುಟ್ಟಿ ಹೇಳಿದ ಮಾತು ನಡೆಸಿಕೊಂಡಿದ್ದೇನೆ ಎಂದು ಕೂಗಬೇಕೆನಿಸಿತು. ಕೂಗಿದರೆ ಅವಳು ಮತ್ತೆ ಬಕೆಟ್ಟಿಗೆ ಹೋಗುತ್ತಾಳೆ. ತಲೆ ತಗ್ಗಿಸಿ ನಿಂತೆ. ಅವಳು ಆ ಕಡೆ ತಿರುಗಿ ಮಲಗಿದಳು. ಆದರೆ ಅಂದು ರಾತ್ರಿ ಅನ್ನ ಸಾರು ಕಲಸಿಕೊಂಡು ಉಂಡಳು. ಅತ್ತೆ ನನಗೂ ಬಡಿಸಿದರು, ಮುಖ ನೋಡಲಿಲ್ಲ. ಸಿಟ್ಟಾದರೂ ಬರಲಿ, ಸಿಟ್ಟು ಬಂದವರು ಉಣ್ಣುತ್ತಾರೆ ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ಆ ಸಮಾಧಾನದಲ್ಲಿ ಹುರುಳಿತ್ತು, ಆದರೆ ಅದು ನನ್ನ ಎದೆಯ ಭಾರವನ್ನೇನೂ ಇಳಿಸಲಿಲ್ಲ.

ಬಾಣಂತನ ಎನ್ನಲು ಬಾರದ ಒಂದು ಬಾಣಂತನ ಭದ್ರಾವತಿಯಲ್ಲಿ ನಡೆಯಿತು. ಫೋನಿನಲ್ಲಿ ಹೂಂ ಉಹೂಂ ಬಿಟ್ಟರೆ ಅವಳಿಂದ ಮಾತಿಲ್ಲ. ನಾನು ವಿದ್ಯಾನಗರದಲ್ಲಿ ಒಬ್ಬನೇ. ಈಗ ನನಗೆ ಯಾವ ಕಟ್ಟೂ ಇರಲಿಲ್ಲ. ಕೂದಲು ಕತ್ತರಿಸಿಕೊಂಡು ಬಂದೆ. ಗಿಡಗಳಿಗೆ ಕೈ ಹಾಕಬಹುದಿತ್ತು. ಬೆರೆಸಿ ಇಟ್ಟ ಮಣ್ಣು ಚೀಲದಲ್ಲಿ ಹಾಗೇ ಇತ್ತು. ಪೀಸ್ ಲಿಲಿಗೆ ಎರಡು ಎಲೆ ಉಳಿದಿದ್ದವು, ಅವತ್ತು ಮಡಕೆ ಒಡೆದಿದ್ದರೆ ಅದು ಬ‍ದುಕುತ್ತಿತ್ತೇನೋ. ನಾನು ಒಡೆಯಲಿಲ್ಲ. ಬೇಡ ಎಂದವರು ಯಾರೂ ಇಲ್ಲದಾಗ ನನಗೆ ಮಾಡುವ ಮನಸ್ಸೂ ಇಲ್ಲದಾಯಿತು. ಅದು ಒಂದು ವಾರದಲ್ಲಿ ಸತ್ತಿತು. ಉಳಿದವು ಹಾಗೇ ಜೀವ ಹಿಡಿದುಕೊಂಡಿದ್ದವು.

ಭಾನುವಾರ ಬರ್ತೀನಿ ಎಂದು ಒಂದು ದಿನ ಅವಳ ಮೆಸೇಜು ಬಂತು. ಅದನ್ನು ಓದಿ ಸಂತೋಷವಾಯಿತು. ಅದರ ಹಿಂದೆಯೇ ರಬ್ಬರ್ ಗಿಡ ಕಣ್ಣಿಗೆ ಬಿತ್ತು. ಸೂರಿಗೆ ತಾಗಿದ ಅದರ ತುದಿಯಲ್ಲಿ ಕೆಂಪು ಕುಡಿ ಹಾಗೇ ಇತ್ತು, ಯಾರೂ ಯಾವತ್ತೂ ಮುಟ್ಟದ ಕುಡಿ. ಅವಳು ಒಳಗೆ ಕಾಲಿಟ್ಟ ಕೂಡಲೇ ಅದನ್ನು ನೋಡುತ್ತಾಳೆ. ನೋಡಿದ ಕೂಡಲೇ ನನ್ನ ಸುಳ್ಳು ಗೊತ್ತಾಗುತ್ತದೆ.

ಶನಿವಾರ ಮಧ್ಯಾಹ್ನ ಕುರ್ಚಿ ಹಾಕಿಕೊಂಡು ಹತ್ತಿದೆ. ಅಷ್ಟು ವರ್ಷ ಗಿಡಗಳಿಗೆ ಕತ್ತರಿ ಹಾಕಿದವನು ನಾನು. ಒಂದು ಸಲವೂ ಗಿಡದ ಒಳ್ಳೆಯದಕ್ಕಲ್ಲದೆ ಬೇರೆ ಕಾರಣಕ್ಕೆ ಹಾಕಿರಲಿಲ್ಲ. ಕುಡಿಯನ್ನು ಕತ್ತರಿಸಿದೆ. ಬಿಳಿ ಹಾಲು ಕಾಂಡದ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿತು. ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದೆ, ನಿಂತಿತು. ಗಾಯ ಹಳೆಯದಾಗಿ ಕಾಣಲಿ ಎಂದು ಅದಕ್ಕೆ ಮಣ್ಣು ತಿಕ್ಕಿದೆ. ದೂರ ನಿಂತು ನೋಡಿದೆ. ಪರವಾಗಿಲ್ಲ ಎನಿಸಿತು. ಹತ್ತಿರ ಹೋದರೆ ಕಳ್ಳನ ಕೆಲಸ ಎಂದು ಯಾರಿಗಾದರೂ ತಿಳಿಯುವಂತಿತ್ತು.

ಭಾನುವಾರ ಅವಳೊಬ್ಬಳೇ ಬಂದಳು. ಅತ್ತೆ ಬರಲಿಲ್ಲ. ಮೆಟ್ಟಿಲನ್ನು ಮೆಲ್ಲಗೆ, ಗೋಡೆ ಹಿಡಿದುಕೊಂಡು ಹತ್ತಿದಳು. ನಾನು ಚೀಲ ತೆಗೆದುಕೊಂಡು ಹಿಂದೆ ಬಂದೆ. ಬಹಳ ಇಳಿದುಹೋಗಿದ್ದಳು. ನೀರು ಕುಡಿದು, ಲೋಟ ಕೈಯಲ್ಲೇ ಹಿಡಿದುಕೊಂಡು ಹಾಲಿನ ಸುತ್ತ ಕಣ್ಣಾಡಿಸಿದಳು. ಬಚ್ಚಲ ಬಾಗಿಲ ಹತ್ತಿರದ ಲಿಲಿಯ ಖಾಲಿ ಜಾಗ ನೋಡಿದಳು. ರಬ್ಬರ್ ಗಿಡದ ಹತ್ತಿರ ಹೋಗಿ ನಿಂತಳು.

"ಇದಾ?"

"ಹೂಂ."

ಕಾಂಡವನ್ನು ಹಿಡಿದು ಮೆಲ್ಲಗೆ ಬಗ್ಗಿಸಿಕೊಂಡಳು. ತುದಿಯ ಗಾಯದ ಮೇಲೆ ಬೆರಳು ಆಡಿಸಿದಳು. ಬೆರಳಿಗೆ ಮಣ್ಣು ಬಂತು. ಅದನ್ನು ನೋಡಿದಳು. ಗಾಯದ ಕೆಳಗಿನ ಎಲೆಗಳನ್ನು ಒಂದೊಂದಾಗಿ ಎತ್ತಿ, ಕಾಂಡಕ್ಕೆ ಎಲೆ ಸೇರುವ ಜಾಗವನ್ನು ಹುಡುಕಿ ಹುಡುಕಿ ನೋಡಿದಳು.

"ಎರಡು ತಿಂಗಳ ಮೇಲಾಯ್ತು ಅಲ್ವಾ, ನೀವು ಹೇಳಿದ ಲೆಕ್ಕಕ್ಕೆ?"

"ಹೂಂ."

"ತುದಿ ಚಿವುಟಿ ಇಷ್ಟು ದಿನ ಆಗಿದ್ರೆ ಕೆಳಗಿನ ಗೆಣ್ಣಲ್ಲಿ ಕಣ್ಣು ಒಡೀಬೇಕಿತ್ತು. ಪಕ್ಕಕ್ಕೆ ಎರಡು ಚಿಗುರಾದ್ರೂ ಬರಬೇಕಿತ್ತು. ನಾನೇ ಪಾಠ ಮಾಡ್ತೀನಿ ಇದನ್ನ, ಎಂಟನೇ ಕ್ಲಾಸಿಗೆ."

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಕುರ್ಚಿಯ ಮೇಲೆ ನಿಂತಾಗಲೇ ಹೊಳೆದಿತ್ತು. ಈ ದುಃಖದಲ್ಲಿ ಅವಳು ಮರೆತಿರಲಿ ಎಂದು ಬೇಡಿಕೊಂಡಿದ್ದೆ.

"ನೀವು ಚಿವುಟೇ ಇಲ್ಲ" ಎಂದಳು. "ನಿನ್ನೆ ಕತ್ತರಿಸಿದೀರಿ ಇದನ್ನ."

ಅವಳು ಕಾಂಡವನ್ನು ಬಿಟ್ಟಳು, ಅದು ಮೆಲ್ಲಗೆ ತನ್ನ ಸೊಟ್ಟಕ್ಕೆ ಹೋಗಿ ನಿಂತಿತು. ಅಷ್ಟು ವಾರಗಳ ಮೇಲೆ ಮೊದಲ ಸಲ ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದಳು. ಸಿಟ್ಟು ಎಲ್ಲಿಯೂ ಇರಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು, ಹಳೆಯ ಹಾಗೆ, ಬಿಗಿಯಾಗಿ. ಅಬ್ಬಾ, ಬದುಕಿದೆ ಎಂದುಕೊಂಡೆ. ಎಷ್ಟೋ ಹೊತ್ತು ಹಾಗೇ ನಿಂತಿದ್ದೆವು. ಆಮೇಲೆ ಅವಳ ಬೆರಳುಗಳು ನನ್ನ ಕೈಯೊಳಗೆ ತಣ್ಣಗಾಗತೊಡಗಿದವು.

"ಹಾಗಾದ್ರೆ ಬಕೆಟ್ಟೇ ಅಲ್ವಾ ರೀ" ಎಂದಳು.